ಹುಡುಗನಿಗೆ ಅಧ್ಯಾಯ ಯಾಕಿಲ್ಲ: ಓದುಗರ ಬಳಗಕ್ಕೊಂದು ಬಹಿರಂಗ ಪತ್ರ



ನನ್ನ ಕಾದಂಬರಿಯ ಮೇಲಿನ ಸಭೆಗೆ ಮುಂಚೆ ನಿಮ್ಮ ಗ್ರಂಥಪಾಲಕರು ಅಂಚೆಯಲ್ಲಿ ಕಳಿಸಿದ ಪ್ರಶ್ನೆಗಳು ಕೈಸೇರಿವೆ. ರೂಲು ಹಾಳೆಗಳ ಮೇಲೆ ಒಬ್ಬೊಬ್ಬರದು ಒಂದೊಂದು ಕೈಬರಹ. ಯಾರೋ ಪೆನ್ಸಿಲಿನಲ್ಲಿ ಬರೆದು, ಅಳಿಸಿ, ಅದರ ಮೇಲೆ ಬೇರೆ ಪ್ರಶ್ನೆ ಬರೆದಿದ್ದಾರೆ. ಅಳಿಸಿದ್ದನ್ನು ಬೆಳಕಿಗೆ ಹಿಡಿದರೆ ಇನ್ನೂ ಓದಬಹುದು: ‘ಇದು ನಿಮ್ಮ ಮನೆಯದೇ ಕಥೆನಾ ಮೇಡಂ?’ ಅಳಿಸುವ ಅಗತ್ಯವಿರಲಿಲ್ಲ. ಎಲ್ಲ ಊರುಗಳಲ್ಲೂ ಇದನ್ನು ಕೇಳುತ್ತಾರೆ. ಹೆಚ್ಚಿನವರು ಸಭೆ ಮುಗಿದ ಮೇಲೆ, ಚಪ್ಪಲಿ ಬಿಟ್ಟ ಜಾಗದಲ್ಲಿ, ಮೆಲ್ಲಗೆ ಕೇಳುತ್ತಾರೆ.

ಹಾಗಾಗಿ ಇಲ್ಲೇ ಹೇಳಿಬಿಡುತ್ತೇನೆ. ನನಗೊಬ್ಬ ತಮ್ಮ ಇದ್ದಾನೆ, ಅವನಿಗೆ ಆಟಿಸಂ ಇದೆ. ಕಾದಂಬರಿಯ ಹುಡುಗ ಅವನಲ್ಲ. ಕಾದಂಬರಿಯ ಅಮ್ಮ ನನ್ನ ಅಮ್ಮನೂ ಅಲ್ಲ, ಆದರೆ ಅಮ್ಮ ಬೈಯುವ ಧಾಟಿಯನ್ನು ಕೇಳದೆ ತೆಗೆದುಕೊಂಡಿದ್ದೇನೆ. ಇನ್ನು ಆ ಅಕ್ಕ ನಾನೇ ಎಂದು ನೀವು ಹೇಗೂ ತೀರ್ಮಾನಿಸಿರುತ್ತೀರಿ, ವಾದಿಸಿ ಪ್ರಯೋಜನವಿಲ್ಲ.

ಪಟ್ಟಿಯಲ್ಲಿದ್ದ ಬೇರೆ ಒಂದು ಪ್ರಶ್ನೆಯೇ ನನ್ನನ್ನು ಈ ಪತ್ರಕ್ಕೆ ಕೂರಿಸಿದ್ದು. ‘ಅಮ್ಮ, ಅಪ್ಪ, ಅಕ್ಕ ಮೂವರೂ ಸರದಿಯಂತೆ ಕಥೆ ಹೇಳುತ್ತಾರೆ. ಎಲ್ಲರ ಬಾಯಲ್ಲೂ ಹುಡುಗನದೇ ಮಾತು. ಹುಡುಗನಿಗೆ ಮಾತ್ರ ಒಂದು ಅಧ್ಯಾಯವೂ ಇಲ್ಲ. ಯಾಕೆ? ಅವನ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯದೆ ಪುಸ್ತಕ ಮುಗಿದುಹೋಯಿತು.’ ಬರೆದವರು ಸ್ವಲ್ಪ ಸಿಟ್ಟಿನಲ್ಲೇ ಬರೆದಿದ್ದಾರೆ. ಸಭೆಯಲ್ಲಿ ಇದಕ್ಕೆ ಐದು ನಿಮಿಷದ ಉತ್ತರ ಕೊಟ್ಟರೆ ನನಗೆ ಸಮಾಧಾನವಾಗದು, ನಿಮಗೂ ಆಗದು. ನಿಮ್ಮ ಊರಿನಾಚೆಯ ಓದುಗರೂ ಇದನ್ನೇ ಕೇಳುತ್ತಿರುವುದರಿಂದ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಉತ್ತರಕ್ಕೆ ಮುಂಚೆ ಮನೆಯವರ ಬರಹದ ಸ್ವಲ್ಪ ಇತಿಹಾಸ. ಆಟಿಸಂ ಎಂದು ನಾವು ಈಗ ಕರೆಯುವ ವಿಷಯದ ಬಹು ಮುಖ್ಯ ಬರಹಗಳಲ್ಲಿ ಒಂದು ಪತ್ರವಾಗಿ ಹುಟ್ಟಿದ್ದು. ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಊರಿನಲ್ಲಿ ಬೀಮನ್ ಟ್ರಿಪ್ಲೆಟ್ ಎಂಬ ವಕೀಲರಿದ್ದರು. 1933ರಲ್ಲಿ ಹುಟ್ಟಿದ ಅವರ ಮಗ ಡೊನಾಲ್ಡ್ ಯಾರನ್ನೂ ಹಚ್ಚಿಕೊಳ್ಳುತ್ತಿರಲಿಲ್ಲ, ತಟ್ಟೆ ಬೋಗುಣಿಗಳನ್ನು ಗಿರಗಿರ ತಿರುಗಿಸುತ್ತ ಕೂರುತ್ತಿದ್ದ, ಕೇಳಿದ ಮಾತನ್ನು ಕೇಳಿದ ಹಾಗೇ ಮತ್ತೆ ಹೇಳುತ್ತಿದ್ದ. ವೈದ್ಯರ ಸಲಹೆಯಂತೆ ಅವನನ್ನು ದೂರದ ಸಂಸ್ಥೆಯೊಂದರಲ್ಲಿ ಬಿಟ್ಟಿದ್ದರು. ತಡೆಯಲಾರದೆ ಮನೆಗೆ ಕರೆತಂದರು. 1938ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಮಕ್ಕಳ ಮನೋವೈದ್ಯ ಲಿಯೊ ಕ್ಯಾನರ್ ಅವರಿಗೆ ಮಗನನ್ನು ತೋರಿಸುವ ಮುನ್ನ ಅಪ್ಪ ಒಂದು ಪತ್ರ ಬರೆಸಿದರು. ಟೈಪ್ ಮಾಡಿದ 33 ಪುಟ. ಮಗು ಏನು ತಿಂದ, ಯಾವಾಗ ಮುನಿದ, ಯಾವ ಹಾಡು ಗುನುಗಿದ, ಯಾವ ಅಕ್ಷರದಿಂದ ಯಾವ ಅಕ್ಷರದವರೆಗೆ ಹೇಳಿದ, ಎಲ್ಲ.

ಕ್ಯಾನರ್ 1943ರಲ್ಲಿ ಹನ್ನೊಂದು ಮಕ್ಕಳ ಬಗ್ಗೆ ಪ್ರಸಿದ್ಧ ಲೇಖನ ಪ್ರಕಟಿಸಿದರು. ಅದರಲ್ಲಿ ಮೊದಲ ಮಗು ಈ ಡೊನಾಲ್ಡ್. (ಅದಕ್ಕೂ ಮುಂಚೆ, 1925ರಲ್ಲೇ, ಮಾಸ್ಕೋದ ಗ್ರುನ್ಯಾ ಸುಖರೇವಾ ಎಂಬ ವೈದ್ಯೆ ಇಂಥ ಆರು ಹುಡುಗರ ಬಗ್ಗೆ ಬರೆದಿದ್ದರು. ಆಕೆಯನ್ನು ಜಗತ್ತು ಬಹುಕಾಲ ಗಮನಿಸಲೇ ಇಲ್ಲ. ಹೆಂಗಸು, ಅದರ ಮೇಲೆ ಸೋವಿಯತ್ ದೇಶದವಳು.) ಅಪ್ಪ ಗಮನವಿಟ್ಟು ಬರೆದ ವಿವರಗಳಿಲ್ಲದಿದ್ದರೆ ಆ ಲೇಖನ ಇಷ್ಟು ತುಂಬಿಕೊಂಡು ಬರುತ್ತಿರಲಿಲ್ಲ. ಆದರೆ ಅದೇ ಲೇಖನದಲ್ಲಿ ಕ್ಯಾನರ್ ಈ ತಂದೆತಾಯಂದಿರ ವಿವರವಾದ ದಿನಚರಿಗಳನ್ನೂ ವರದಿಗಳನ್ನೂ ಬೆರಳಿಟ್ಟು ತೋರಿಸಿ, ಇದೂ ಒಂದು ಬಗೆಯ ಗೀಳು ಎಂಬರ್ಥದ ಮಾತು ಬರೆದರು. ನನಗೆ ಮೈಯುರಿಯುವುದು ಇಲ್ಲೇ. ವೈದ್ಯರು ಕೇಳಿದ್ದಕ್ಕೆ ಮನೆಯವರು ಬರೆದರು. ಬರೆದದ್ದೇ ಅವರ ಮೇಲಿನ ಸಾಕ್ಷ್ಯವಾಯಿತು. ಆಮೇಲಿನ ವರ್ಷಗಳಲ್ಲಿ ಕ್ಯಾನರ್ ಇನ್ನೂ ಮುಂದೆ ಹೋಗಿ, ಈ ಮಕ್ಕಳನ್ನು ಬಿಸುಪಿಲ್ಲದ ಫ್ರಿಜ್ಜಿನಲ್ಲಿ ಇಟ್ಟು ಬೆಳೆಸಿದಂತಿದೆ ಎಂದರು. ಅಲ್ಲಿಂದ ‘ರೆಫ್ರಿಜರೇಟರ್ ತಾಯಿ’ ಎಂಬ ಬಿರುದು ಊರೂರು ಸುತ್ತಿತು. ಚಿಕಾಗೋದ ಬ್ರೂನೊ ಬೆಟಲ್‌ಹೈಮ್ 1967ರ ತಮ್ಮ ಪುಸ್ತಕದಲ್ಲಿ ಅದಕ್ಕೆ ವಿದ್ವತ್ತಿನ ಪೋಷಾಕು ತೊಡಿಸಿದರು. ಈ ಆರೋಪದ ಬೇರು ಕಿತ್ತವರು ಮಗುವನ್ನು ಮನೆಯಲ್ಲೇ ಕಂಡಿದ್ದವರು. ಅಮೆರಿಕದಲ್ಲಿ ಬರ್ನಾರ್ಡ್ ರಿಮ್‌ಲ್ಯಾಂಡ್, ತಾವೇ ಮನಶ್ಶಾಸ್ತ್ರಜ್ಞ, ತಾವೇ ಅಪ್ಪ, 1964ರ ತಮ್ಮ ಪುಸ್ತಕದಲ್ಲಿ ಇದು ಮಿದುಳಿನ ವಿಷಯ, ಮುದ್ದಿನ ಕೊರತೆಯದಲ್ಲ ಎಂದು ತೋರಿಸಿದರು. ಇಂಗ್ಲೆಂಡಿನಲ್ಲಿ ಮನೋವೈದ್ಯೆ ಲೋರ್ನಾ ವಿಂಗ್, ಆಕೆಯೂ ಇಂಥ ಮಗಳ ತಾಯಿ. ನಾವು ಇವತ್ತು ಆಟಿಸಂ ಎಂದರೆ ಒಂದೇ ಅಚ್ಚಿನದಲ್ಲ, ಹಲವು ಛಾಯೆಗಳದು ಎನ್ನುವುದು ಬಹುಪಾಲು ಆಕೆಯ ಕೆಲಸದಿಂದ. 1969ರಲ್ಲಿ ಕ್ಯಾನರ್ ಪೋಷಕರ ಸಭೆಯೊಂದರಲ್ಲಿ ನಿಂತು, ನಿಮ್ಮನ್ನೆಲ್ಲ ಖುಲಾಸೆ ಮಾಡಿದ್ದೇನೆ ಎಂದರು. ಆಪಾದಿಸಿದವರೇ ನ್ಯಾಯಾಧೀಶರೂ ಆಗಿದ್ದರಲ್ಲ, ಅದೊಂದು ಸೌಕರ್ಯ.

ಇದೆಲ್ಲ ದೂರದ ಅಮೆರಿಕದ್ದು ಅನ್ನಬೇಡಿ. ನಮ್ಮಲ್ಲಿ ಫ್ರಿಜ್ಜೇ ಇಲ್ಲದ ಮನೆಗಳಲ್ಲೂ ತಾಯಿಯ ಮೇಲೆ ಅದೇ ಹೊರೆ. ಬಸುರಿಯಿದ್ದಾಗ ಗ್ರಹಣ ನೋಡಿದಳು. ಹೆತ್ತು ಮೂರು ತಿಂಗಳಿಗೇ ಕೆಲಸಕ್ಕೆ ಹೋದಳು. ಟಿ.ವಿ. ಮುಂದೆ ಕೂರಿಸಿ ತಾನು ಅಡುಗೆ ಮಾಡಿದಳು. ಈಗ ಅದರ ಜಾಗಕ್ಕೆ ಮೊಬೈಲು ಬಂದಿದೆ. ‘ಗಂಡುಮಕ್ಕಳಿಗೆ ಮಾತು ತಡ, ಇವನ ಸೋದರಮಾವನೂ ಹಾಗೇ’ ಎಂದು ಸಮಾಧಾನ ಹೇಳಿದವರೇ ಎರಡು ವರ್ಷ ಕಳೆದ ಮೇಲೆ ‘ಮೊದಲೇ ತೋರಿಸಬಾರದಿತ್ತಾ?’ ಎಂದು ಕೇಳುತ್ತಾರೆ. ನಮ್ಮ ಮನೆಯಲ್ಲಿ ಜೇನುತುಪ್ಪದಲ್ಲಿ ಬಜೆ ತೇಯ್ದು ತಮ್ಮನ ನಾಲಿಗೆಗೆ ಸವರಿದ್ದು, ಹರಕೆ ಹೊತ್ತದ್ದು, ಯಂತ್ರ ಕಟ್ಟಿಸಿದ್ದು ಎಲ್ಲ ಆಗಿತ್ತು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ. ಆದರೆ ಅಂಥದೊಂದು ಇದೆ ಎಂದು ನಮ್ಮೂರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆಟಿಸಂ ಎಂಬ ಹೆಸರು ಅವನ ಕಡತದಲ್ಲಿ ಬಂದಾಗ ಅವನಿಗೆ ಮೀಸೆ ಮೂಡಿತ್ತು. ಅಲ್ಲಿಯವರೆಗೆ ಮೊಂಡು, ಕಿವುಡು, ಬುದ್ಧಿ ಸಾಲದು, ಗಾಳಿ ಸೋಕಿದೆ ಎಂದು ಒಂದೊಂದು ಕಡೆ ಒಂದೊಂದು.

ಹೀಗೆ ಮನೆಯವರ ಬರಹಕ್ಕೆ ದೊಡ್ಡ ಇತಿಹಾಸವಿದೆ. ಬರೆದು ಬೈಸಿಕೊಂಡದ್ದೂ ಇದೆ, ಬರೆದು ಗೆದ್ದದ್ದೂ ಇದೆ. ಆದರೆ ಆ ಇಡೀ ಜಗಳದಲ್ಲಿ ಒಂದು ಕಡೆ ವೈದ್ಯರು, ಇನ್ನೊಂದು ಕಡೆ ತಂದೆತಾಯಿ. ಡೊನಾಲ್ಡನನ್ನು ಯಾರೂ ಏನೂ ಕೇಳಿರಲಿಲ್ಲ. ಅವನೋ, ತನ್ನ ಪಾಡಿಗೆ ಕಾಲೇಜು ಮುಗಿಸಿದ, ಫ್ರೆಂಚ್ ಓದಿದ, ಊರಿನ ಬ್ಯಾಂಕಿನಲ್ಲಿ ಕೆಲಸ ಮಾಡಿದ, ಗಾಲ್ಫ್ ಆಡಿದ, ಒಬ್ಬನೇ ದೇಶದೇಶ ಸುತ್ತಿದ. 2023ರಲ್ಲಿ 89 ವರ್ಷಕ್ಕೆ ಅದೇ ಫಾರೆಸ್ಟ್ ಊರಿನಲ್ಲಿ ತೀರಿಕೊಂಡ. ಬ್ಯಾಂಕು ಅವನ ಮನೆಯವರದೇ ಪಾಲಿನದು ಎಂಬುದನ್ನೂ ಹೇಳಬೇಕು. ದುಡ್ಡಿದ್ದ ಮನೆ, ಪರಿಚಯವಿದ್ದ ಊರು. ಊರು ಅವನಿಗೆ ಒಗ್ಗಿಕೊಂಡಿತ್ತು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಹುಡುಗನಿಗೆ ಅಧ್ಯಾಯ ಕೊಡದಿದ್ದುದು ಮರೆವಲ್ಲ, ಹಟ.

ನನ್ನ ತಮ್ಮ ಚಿಕ್ಕಂದಿನಲ್ಲಿ ಸ್ವಂತ ವಾಕ್ಯ ಕಟ್ಟುತ್ತಿರಲಿಲ್ಲ. ರೇಡಿಯೊದಲ್ಲಿ ಕೇಳಿದ್ದನ್ನು ಹಾಗೇ ಒಪ್ಪಿಸುತ್ತಿದ್ದ. ನೆಂಟರು ಹೊತ್ತು ಮೀರಿ ಕೂತರೆ ನಡುಮನೆಗೆ ಬಂದು ಗೋಡೆ ನೋಡುತ್ತ, ‘ಇಲ್ಲಿಗೆ ವಾರ್ತಾಪ್ರಸಾರ ಮುಗಿಯಿತು’ ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು, ಗಿಳಿಪಾಠ ಎಂದು. ಅಮ್ಮ ಒಬ್ಬಳು ಮಾತ್ರ ಒಳಗೆ ಹೋಗಿ ಕುಂಕುಮದ ಬಟ್ಟಲು ತಂದು ಹೆಂಗಸರ ಮುಂದೆ ಹಿಡಿಯುತ್ತಿದ್ದಳು. ನೆಂಟರು ಹೊರಡುತ್ತಿದ್ದರು. ಈಗ ಹೇಳಿ, ಕಾದಂಬರಿಕಾರಳಾಗಿ ನಾನು ಆ ಕ್ಷಣದಲ್ಲಿ ಅವನ ತಲೆಯೊಳಗೆ ಹೊಕ್ಕು ಏನು ಬರೆಯಲಿ? ‘ಇವರು ಯಾವಾಗ ಹೋಗುತ್ತಾರೋ ಎಂದು ಅವನ ಮನಸ್ಸು ಚಡಪಡಿಸಿತು’ ಎಂದೇ? ಅದು ನನ್ನ ಮನಸ್ಸು. ಆ ಹೊತ್ತಿನಲ್ಲಿ ನನಗೆ ಗೊತ್ತಿರುವುದು ಅಮ್ಮ ಎದ್ದದ್ದು, ಅವಳಿಗೆ ಅರ್ಥವಾದದ್ದು, ನಮಗೆ ಆಗದೇ ಹೋದದ್ದು. ಕಾದಂಬರಿಗೆ ಅಷ್ಟು ಧಾರಾಳ ಸಾಕು.

ಹೊಕ್ಕು ಬರೆದವರಿದ್ದಾರೆ, ಗೊತ್ತು. ಮಾರ್ಕ್ ಹ್ಯಾಡನ್ ಅವರ 2003ರ ‘ದ ಕ್ಯೂರಿಯಸ್ ಇನ್ಸಿಡೆಂಟ್ ಆಫ್ ದ ಡಾಗ್ ಇನ್ ದ ನೈಟ್-ಟೈಮ್’ ಹದಿನೈದು ವರ್ಷದ ಹುಡುಗನ ಬಾಯಲ್ಲೇ ನಡೆಯುತ್ತದೆ. ಜಗತ್ತಿನಾದ್ಯಂತ ಓದಿದರು, ನಾಟಕ ಮಾಡಿದರು. ಕಾದಂಬರಿ ಚುರುಕಾಗಿದೆ, ನಾನೂ ನಕ್ಕು ಓದಿದ್ದೇನೆ. ಆದರೆ ಆಟಿಸಂ ಬಗ್ಗೆ ತಾವು ಹೆಚ್ಚು ಅಧ್ಯಯನ ಮಾಡಿಯೇನೂ ಬರೆದಿಲ್ಲ ಎಂದು ಹ್ಯಾಡನ್ ತಾವೇ ಹೇಳಿದ್ದಾರೆ. ಆಮೇಲೆ ಎಷ್ಟೋ ಶಿಕ್ಷಕರು ಅದನ್ನೇ ಕೈಪಿಡಿಯಂತೆ ಹಿಡಿದುಕೊಂಡರು. ಅದು ಬರೆದವರ ತಪ್ಪಲ್ಲ, ಓದುವವರ ಅವಸರ.

ಒಳಗಿನಿಂದ ಬರೆಯುವ ಹಕ್ಕಿರುವವರು, ಅಂದರೆ ಆಟಿಸಂ ಇರುವವರೇ, ಬರೆಯುತ್ತಲೇ ಇದ್ದಾರೆ. ಟೆಂಪಲ್ ಗ್ರ್ಯಾಂಡಿನ್ ಅವರ ಮೊದಲ ಪುಸ್ತಕ 1986ರದು, ಡೊನ್ನಾ ವಿಲಿಯಮ್ಸ್ ಅವರದು 1992ರದು. ನಮ್ಮ ಸಮೀಪದ ಹೆಸರು ಬೇಕಾದರೆ ಟಿಟೊ ರಾಜರ್ಷಿ ಮುಖೋಪಾಧ್ಯಾಯ. ಬಾಲ್ಯದ ಕೆಲ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ, ಬಾಯಲ್ಲಿ ಹೆಚ್ಚು ಮಾತಾಡದ ಹುಡುಗ. ಅವನ ಬರಹಗಳನ್ನು 2000ದಲ್ಲಿ ಬ್ರಿಟನ್ನಿನ ನ್ಯಾಷನಲ್ ಆಟಿಸ್ಟಿಕ್ ಸೊಸೈಟಿ ಪುಸ್ತಕವಾಗಿ ತಂದಿತು. ಅವನಿಗೆ ಕಲಿಸಿದ್ದು ತಾಯಿ ಸೋಮಾ. ಆಕೆಯ ಕಲಿಕಾ ವಿಧಾನವನ್ನು ಎಲ್ಲ ಮಕ್ಕಳಿಗೂ ಬಳಸುವುದರ ಬಗ್ಗೆ ತಜ್ಞರ ತಕರಾರಿದೆ. ಕಲಿಸುವವರ ಮಾತು ಯಾವುದು, ಕಲಿಯುವವರದು ಯಾವುದು ಎಂದು ಬೇರ್ಪಡಿಸುವುದು ಹೇಗೆ ಎಂಬ ಕಷ್ಟದ ಪ್ರಶ್ನೆ ಅದು. ನನ್ನ ಹಟಕ್ಕೂ ಆ ಪ್ರಶ್ನೆಗೂ ಸಂಬಂಧವಿದೆ. ಪ್ರೀತಿಯಿಂದಲೇ ಆದರೂ ಇನ್ನೊಬ್ಬರ ಕೈ ಹಿಡಿದು ಬರೆಸಿದರೆ ಅಕ್ಷರ ಯಾರದು? ಕಾದಂಬರಿಕಾರರು ಕಲ್ಪನೆಯ ಹೆಸರಿನಲ್ಲಿ ದಿನವೂ ಮಾಡುವುದು ಇದನ್ನೇ. ಹೆಚ್ಚಿನ ಪಾತ್ರಗಳ ಮಟ್ಟಿಗೆ ಅಡ್ಡಿಯಿಲ್ಲ, ಅವರು ಎದ್ದು ನಿಂತು ‘ನಾನು ಹಾಗೆ ಅಂದುಕೊಂಡೇ ಇರಲಿಲ್ಲ’ ಎಂದು ಉತ್ತರ ಕೊಡಬಲ್ಲ ಜನರ ಪೈಕಿ. ನನ್ನ ತಮ್ಮ ಹಾಗೆ ಪತ್ರಿಕೆಗೆ ಬರೆಯುವವನಲ್ಲ.

ಇನ್ನೊಂದು ಮಾತು. ಮೌನಿಯನ್ನು ಕಂಡರೆ ನಮ್ಮ ಓದುಗರಿಗೆ ಒಂದು ಆಸೆ ಹುಟ್ಟುತ್ತದೆ. ‘ಮೂಕಜ್ಜಿಯ ಕನಸುಗಳು’ ನೀವೆಲ್ಲ ಓದಿಯೇ ಇರುತ್ತೀರಿ, ಶಿವರಾಮ ಕಾರಂತರಿಗೆ 1977ರ ಜ್ಞಾನಪೀಠ ಬಂದದ್ದು ಅದಕ್ಕೇ. ಹೆಚ್ಚು ಮಾತಾಡದ ಅಜ್ಜಿ ವಸ್ತುವೊಂದನ್ನು ಮುಟ್ಟಿ ಕಾಲದ ಆಚೆಗಿನದನ್ನು ಕಾಣುತ್ತಾಳೆ. ಕಾರಂತರು ಅದರಿಂದ ಎಂಥ ದೊಡ್ಡ ವಿಚಾರ ಎತ್ತಿದರು! ಆದರೆ ಅದರ ರುಚಿ ಹತ್ತಿದ ನಾವು, ಮಾತು ಕಡಿಮೆಯಿರುವ ಪಾತ್ರವೆಲ್ಲ ಏನಾದರೂ ಕಾಣಲೇಬೇಕು ಎಂದು ಕಾದು ಕೂರುತ್ತೇವೆ. ಸಿನಿಮಾದವರದು ಅದರ ಇನ್ನೊಂದು ರೂಪ: 1988ರ ‘ರೇನ್ ಮ್ಯಾನ್’ ಬಂದ ಮೇಲೆ ಆಟಿಸಂ ಎಂದರೆ ಲೆಕ್ಕದ ಪವಾಡ. ನಿಮ್ಮ ಪಟ್ಟಿಯಲ್ಲೂ ‘ಹುಡುಗನಿಗೆ ಯಾವುದಾದರೂ ವಿಶೇಷ ಪ್ರತಿಭೆ ಕೊಡಬಹುದಿತ್ತಲ್ಲ’ ಎಂಬ ಸಲಹೆ ಇದೆ. ಕೊಡುವುದಿಲ್ಲ. ಕಾದಂಬರಿಯ ಅಕ್ಕನಿಗೂ ಯಾವ ವಿಶೇಷ ಪ್ರತಿಭೆಯೂ ಇಲ್ಲ, ಅದನ್ನು ಯಾರೂ ಕೇಳಿಲ್ಲ.

ಹಾಗಿದ್ದರೆ ಮನೆಯವರ ಕಾದಂಬರಿಗೆ ಏನು ಗೊತ್ತಿರಬಹುದು? ಮನೆ ಗೊತ್ತಿರಬಹುದು. ಇಂಥ ಮಗು ಇರುವ ಮನೆಯಲ್ಲಿ ಬಾಗಿಲ ಚಿಲಕಗಳು ವರ್ಷದಿಂದ ವರ್ಷಕ್ಕೆ ಮೇಲಕ್ಕೇರುತ್ತವೆ, ಮಗುವಿನ ಎತ್ತರದ ಜೊತೆ. ಮಿಕ್ಸಿ ಹಾಕುವ ಮುಂಚೆ ಕೂಗಿ ಹೇಳುವುದು ರೂಢಿಯಾಗುತ್ತದೆ. ಕುಕ್ಕರು ಕೂಗುವ ಮೊದಲೇ ಅಮ್ಮನ ಕೈ ಒಲೆಯ ಮೇಲೆ. ಅನ್ನಕ್ಕೆ ಸಾರು ತಾಗಬಾರದು, ತಾಗಿದರೆ ಆ ಹೊತ್ತಿನ ಊಟ ಮುಗಿಯಿತು. ನೆಂಟರ ಮದುವೆಗೆ ಅಪ್ಪ ಹೋದರೆ ಅಮ್ಮ ಇಲ್ಲ, ಅಮ್ಮ ಹೋದರೆ ಅಪ್ಪ ಇಲ್ಲ. ವಾಲಗದ ಸದ್ದಿಗೆ ಅವನು ಕಿವಿ ಮುಚ್ಚಿಕೊಂಡು ಕುಸಿಯುತ್ತಾನೆ. ನಮ್ಮ ಕಡೆಯ ಯಾವ ಮದುವೆ ಆಲ್ಬಮ್ ತೆಗೆದರೂ ನನ್ನ ಅಪ್ಪ ಅಮ್ಮ ಒಟ್ಟಿಗೆ ನಿಂತ ಚಿತ್ರ ಸಿಗುವುದಿಲ್ಲ. ಅಕ್ಕ ತಂಗಿಯರಿಗೆ ಬೇಗ ವಯಸ್ಸಾಗುತ್ತದೆ, ಶಾಲೆಯಲ್ಲಿ ‘ನಿನ್ನ ತಮ್ಮ ಯಾಕೆ ಹಾಗೆ?’ ಎಂಬುದಕ್ಕೆ ಆರನೇ ತರಗತಿಯಲ್ಲೇ ಉತ್ತರ ಸಿದ್ಧವಿರಬೇಕು. ಮತ್ತು ಎಲ್ಲರ ನಡುವೆ, ಯಾರೂ ಪೂರ್ತಿ ಬಾಯಿಬಿಟ್ಟು ಹೇಳದ ಆ ಪ್ರಶ್ನೆ: ನಾವು ಹೋದ ಮೇಲೆ? ಅಪ್ಪ ಅದನ್ನು ಕೇಳುವಾಗ ನನ್ನ ಕಡೆ ನೋಡುತ್ತಿರಲಿಲ್ಲ. ನೋಡದಿರುವುದೇ ಕೇಳಿದಂತೆ.

ಇಷ್ಟನ್ನು ನಾನು ಕಂಡಿದ್ದೇನೆ, ಇಷ್ಟನ್ನು ಬರೆಯುತ್ತೇನೆ. ಡೇಮಿಯನ್ ಮಿಲ್ಟನ್ ಎಂಬ ಸಮಾಜಶಾಸ್ತ್ರಜ್ಞರಿದ್ದಾರೆ, ಸ್ವತಃ ಆಟಿಸಂ ಇರುವವರು. ಆಟಿಸಂ ಇರುವವರಿಗೆ ಬೇರೆಯವರ ಮನಸ್ಸು ತಿಳಿಯುವುದಿಲ್ಲ ಎಂದು ಬಹುಕಾಲ ಪಾಠ ಹೇಳಿದ್ದರಲ್ಲ, ಮಿಲ್ಟನ್ 2012ರಲ್ಲಿ ಅದನ್ನು ತಿರುಗಿಸಿ ಕೇಳಿದರು: ಬೇರೆಯವರಿಗೆ ಇವರ ಮನಸ್ಸು ತಿಳಿದಿದೆಯೇ? ಅರ್ಥವಾಗದಿರುವುದು ಎರಡು ಕಡೆಯದು ಎಂಬುದು ಅವರ ವಾದ. ಕ್ಯಾಥರೀನ್ ಕ್ರಾಂಪ್ಟನ್ ಮತ್ತು ಸಂಗಡಿಗರು 2020ರಲ್ಲಿ ಅದನ್ನು ಪ್ರಯೋಗಕ್ಕಿಟ್ಟರು. ನಾವು ಚಿಕ್ಕವರಿದ್ದಾಗ ಸಾಲಾಗಿ ಕೂತು ಕಿವಿಯಲ್ಲಿ ಪಿಸುಗುಟ್ಟಿ ದಾಟಿಸುತ್ತಿದ್ದ ಆಟದಂತೆ ಒಂದು ಕಥೆಯನ್ನು ಒಬ್ಬರಿಂದೊಬ್ಬರಿಗೆ ಹೇಳಿಸುತ್ತ ಹೋದರು. ಆಟಿಸಂ ಇರುವವರೇ ಇದ್ದ ಸಾಲಿನಲ್ಲಿ ಕಥೆ, ಆಟಿಸಂ ಇಲ್ಲದವರ ಸಾಲಿನಷ್ಟೇ ಚೆನ್ನಾಗಿ ದಾಟಿತು. ಇಬ್ಬರನ್ನೂ ಬೆರೆಸಿ ಕೂರಿಸಿದ ಸಾಲಿನಲ್ಲಿ ಹೆಚ್ಚು ಸೋರಿಹೋಯಿತು. ನನ್ನ ಕಾದಂಬರಿಯ ಮೂವರು ನಿರೂಪಕರೂ ಆ ಬೆರಕೆ ಸಾಲಿನಲ್ಲಿ ಕೂತವರು. ಅವರ ಕೈಯಲ್ಲಿ ಹುಡುಗನ ಕಥೆ ಸೋರುತ್ತದೆ. ಸೋರುವುದು ನಿಮಗೆ ಕಂಡಿದೆ ಎಂಬುದಕ್ಕೆ ನಿಮ್ಮ ಸಿಟ್ಟಿನ ಪ್ರಶ್ನೆಯೇ ಸಾಕ್ಷಿ, ಅದಕ್ಕೇ ನನಗೆ ಅದು ಇಷ್ಟವಾದದ್ದು.

ತಮ್ಮನಿಗೆ ಈ ಪುಸ್ತಕದ ವಿಷಯ ಗೊತ್ತೇ ಎಂದು ಒಬ್ಬರು ಕೇಳಿದ್ದೀರಿ. ಗೊತ್ತು. ಅವನು ಪತ್ರಿಕೆ ಓದುತ್ತಾನೆ, ಅವನದೇ ಕ್ರಮದಲ್ಲಿ, ಮೊದಲು ಕೊನೆಯ ಪುಟ. ಬರೆದ ಅಧ್ಯಾಯಗಳನ್ನು ಅವನ ಪಕ್ಕ ಕೂತು ಗಟ್ಟಿಯಾಗಿ ಓದುತ್ತಿದ್ದೆ. ಕೆಲವಕ್ಕೆ ಕೂತಿರುತ್ತಿದ್ದ, ಕೆಲವಕ್ಕೆ ಎದ್ದು ಹೋಗುತ್ತಿದ್ದ. ಎದ್ದು ಹೋದ ಭಾಗಗಳನ್ನು ಬೇರೆ ಬೇರೆ ದಿನ ಮತ್ತೆ ಓದಿ ನೋಡಿದೆ. ಪ್ರತಿಸಲವೂ ಎದ್ದು ಹೋದರೆ ಕಿತ್ತುಹಾಕಿದೆ. ಅವುಗಳಲ್ಲಿ ಒಂದು, ನನ್ನ ಪ್ರಕಾಶಕರ ಪ್ರಕಾರ, ಇಡೀ ಪುಸ್ತಕದಲ್ಲೇ ಒಳ್ಳೆಯ ಭಾಗವಾಗಿತ್ತು. ಅವನು ಕೂತದ್ದನ್ನು ಒಪ್ಪಿಗೆ ಎನ್ನಬಹುದೇ, ಎದ್ದದ್ದನ್ನು ನಿರಾಕರಣೆ ಎನ್ನಬಹುದೇ ಎಂದು ವಾದಿಸಬಹುದು. ನಮ್ಮಿಬ್ಬರ ನಡುವೆ ಇರುವ ದಾರಿ ಅದೊಂದೇ.

ಇನ್ನು ಚಿಕ್ಕ ಪ್ರಶ್ನೆಗಳು. ಲಸಿಕೆಯಿಂದ ಬರುತ್ತದೆಯೇ? ಇಲ್ಲ. ಹಾಗೆಂದು ಸುದ್ದಿ ಎಬ್ಬಿಸಿದ 1998ರ ಲೇಖನ ಹನ್ನೆರಡು ಮಕ್ಕಳ ಮೇಲೆ ನಿಂತಿತ್ತು. ‘ಲ್ಯಾನ್ಸೆಟ್’ ಪತ್ರಿಕೆ 2010ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ದಯವಿಟ್ಟು ಇದನ್ನು ಸಭೆಯಲ್ಲಿ ಚರ್ಚೆಗೆ ಇಡಬೇಡಿ. ವಾಸಿಯಾಗುತ್ತದೆಯೇ? ಇದು ಬಂದು ಹೋಗುವ ಕಾಯಿಲೆಯಲ್ಲ, ಹುಟ್ಟಿನಿಂದಲೇ ಜೊತೆಗಿರುವ ಸ್ವಭಾವ. ಬೇಗ ಗುರುತಿಸಿ ಕಲಿಸಿದರೆ ಬದುಕು ಹಗುರಾಗುತ್ತದೆ. ವಾಸಿ ಮಾಡುತ್ತೇವೆ ಎಂದು ಬೋರ್ಡು ಹಾಕಿದವರಿಂದ ದೂರವಿರಿ. ಕಾನೂನಿನ ಬಗ್ಗೆ ವಕೀಲರೊಬ್ಬರು ಕೇಳಿದ್ದಾರೆ: 1995ರ ಅಂಗವಿಕಲರ ಕಾಯ್ದೆಯ ಏಳು ವಿಭಾಗಗಳಲ್ಲಿ ಆಟಿಸಂ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ಬಂತು, 2016ರ ಕಾಯ್ದೆಯ 21 ವಿಭಾಗಗಳಲ್ಲಿ ಸೇರಿತು. ಹದಿನೆಂಟು ತುಂಬಿದ ಮಗನಿಗೆ ಅಪ್ಪ ಅಮ್ಮನೇ ಪಾಲಕರಾಗಬೇಕಾದರೂ ಜಿಲ್ಲಾಧಿಕಾರಿಗಳ ನೇತೃತ್ವದ ಸಮಿತಿಗೆ ಅರ್ಜಿ ಹಾಕಬೇಕು. ಕಾದಂಬರಿಯಲ್ಲಿ ಅಪ್ಪ ಆ ಕಚೇರಿಯ ಬೆಂಚಿನ ಮೇಲೆ ಕೂರುವ ಅಧ್ಯಾಯ ಉತ್ಪ್ರೇಕ್ಷೆ ಎಂದು ಆ ವಕೀಲರ ಅಭಿಪ್ರಾಯ. ಸಭೆಯಲ್ಲಿ ಸಿಕ್ಕಾಗ ಜಗಳವಾಡೋಣ.

ಸಭೆಯ ಬಗ್ಗೆಯೇ ಒಂದೆರಡು ಕೋರಿಕೆಗಳಿವೆ, ಇವು ನನಗೆ ಪ್ರಶ್ನೋತ್ತರಕ್ಕಿಂತ ಮುಖ್ಯ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ 127 ಜನರಿಗೆ ಒಬ್ಬರಿಗೆ ಆಟಿಸಂ ಇತ್ತು. ಐವತ್ತು ಸಾವಿರ ಜನರ ಊರು ಎಂದಿಟ್ಟುಕೊಂಡರೆ ಸುಮಾರು 400 ಜನ. ನಿಮ್ಮಲ್ಲಿ ಎಷ್ಟು ಜನರಿಗೆ ಎಷ್ಟು ಮಂದಿ ಗೊತ್ತು? ಗೊತ್ತಿಲ್ಲದಿದ್ದರೆ ಅವರು ಊರಿನಲ್ಲಿಲ್ಲ ಎಂದಲ್ಲ. ಬಾಗಿಲ ಹಿಂದಿದ್ದಾರೆ, ಅಥವಾ ಹೆಸರಿಲ್ಲದೆ ನಿಮ್ಮ ನಡುವೆಯೇ ಅಂಗಡಿ ನಡೆಸುತ್ತಿದ್ದಾರೆ, ಪಾಠ ಹೇಳುತ್ತಿದ್ದಾರೆ. ಹೆಣ್ಣುಮಕ್ಕಳಲ್ಲಂತೂ ಗುರುತಿಸುವುದೇ ಕಡಿಮೆ. ಆಟಿಸಂ ಇರುವವರಿಲ್ಲದ ಸಭೆಯಲ್ಲಿ ನಾನು ಅವರ ಬಗ್ಗೆ ಮಾತಾಡಿ ಚಪ್ಪಾಳೆ ಗಿಟ್ಟಿಸಿ ಬಸ್ಸು ಹತ್ತಿದರೆ, ಹುಡುಗನಿಗೆ ಅಧ್ಯಾಯ ಕೊಡದ ನನ್ನ ಕಾದಂಬರಿಗಿಂತ ಆ ಸಭೆ ಕಡೆ.

ನಮ್ಮ ಸಾಹಿತ್ಯ ಸಭೆಗಳ ಕ್ರಮ ನಿಮಗೆ ಗೊತ್ತು. ಪ್ರಾರ್ಥನೆ, ಕಿರ್ರೆನ್ನುವ ಮೈಕು, ದೀಪ ಬೆಳಗುವಾಗ ಫ್ಯಾನು ಆರಿಸುವುದು, ಗಣ್ಯರು ಬರುವವರೆಗೆ ಮುಕ್ಕಾಲು ಗಂಟೆ ಕಾಯುವುದು, ಶಾಲು, ಹಣ್ಣಿನ ಬುಟ್ಟಿ, ಒಬ್ಬೊಬ್ಬರ ಹೆಸರಿಗೂ ಚಪ್ಪಾಳೆ, ಮುಗಿಯದ ವಂದನಾರ್ಪಣೆ. ಸದ್ದು ಚುಚ್ಚುವ, ಹೇಳಿದ ಹೊತ್ತಿಗೆ ಹೇಳಿದ್ದು ಆಗದಿದ್ದರೆ ತಲೆ ಕೆಡುವ ಒಬ್ಬ ಮನುಷ್ಯನನ್ನು ಓಡಿಸಬೇಕೆಂದೇ ಯೋಚಿಸಿ ಕಟ್ಟಿದಂತಿದೆ ಇದು. ನಿಜ ಹೇಳಬೇಕೆಂದರೆ ನನ್ನನ್ನು ಓಡಿಸಲೂ ಸಾಕು. ಹಾಗಾಗಿ ಮೈಕು ಬೇಡ. ನಲವತ್ತು ಜನಕ್ಕೆ ನನ್ನ ಗಂಟಲು ಸಾಕು. ಹಾರ, ಶಾಲು ಬೇಡ. ಚಪ್ಪಾಳೆಯ ಬದಲು ಕೈ ಎತ್ತಿ ಅಲ್ಲಾಡಿಸಿದರಾಯಿತು, ಮೊದಮೊದಲು ನಗು ಬರುತ್ತದೆ, ಬರಲಿ. ಹತ್ತೂವರೆ ಎಂದರೆ ಹತ್ತೂವರೆಗೆ ಶುರು, ಯಾವ ಹೊತ್ತಿಗೆ ಏನು ಎಂದು ಒಂದು ಹಾಳೆಯಲ್ಲಿ ಬರೆದು ಬಾಗಿಲಿಗೆ ಅಂಟಿಸಿ. ಓದುವ ಕೋಣೆಯಲ್ಲಿ ಝುಂಯ್ ಎನ್ನುವ ಟ್ಯೂಬ್‌ಲೈಟು ಇದ್ದರೆ ಅದನ್ನು ಆರಿಸಿ ಕಿಟಕಿ ತೆರೆಯಿರಿ. ಹಿಂದಿನ ಬಾಗಿಲು ತೆರೆದಿರಲಿ, ಯಾರಾದರೂ ಎದ್ದು ಓಡಾಡಿದರೆ, ಹೊರಗೆ ಹೋಗಿ ಮತ್ತೆ ಬಂದರೆ ಯಾರೂ ತಿರುಗಿ ನೋಡಬಾರದು. ಪಕ್ಕದ ಮಕ್ಕಳ ವಿಭಾಗ ಖಾಲಿಯಿದ್ದರೆ ಸದ್ದು ಬೇಡವಾದವರು ಅಲ್ಲಿ ಕೂರಲಿ. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಡುವ ಅವಕಾಶವಿರಲಿ, ಹೆಸರು ಹಾಕಬೇಕೆಂದಿಲ್ಲ.

ಇದಕ್ಕೆ ಖರ್ಚಿಲ್ಲ, ಗ್ರಂಥಾಲಯ ಆಟಿಸಂ ಇರುವವರದೂ ಹೌದು. ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರದು. ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನು ಅವರ ಮನೆಯವರೂ ಕಟ್ಟುತ್ತಿದ್ದಾರೆ. ಹಳ್ಳಿಗಳಲ್ಲಿ ಪಂಚಾಯಿತಿ ಗ್ರಂಥಾಲಯಗಳು ‘ಅರಿವು ಕೇಂದ್ರ’ ಎಂಬ ಹೆಸರು ಪಡೆದಿವೆ. ಒಂದೇ ಜಾಗದಲ್ಲಿ ಒಂದೇ ಪುಸ್ತಕ ಇರಬೇಕೆಂದು ಸಂಖ್ಯೆ ಅಂಟಿಸಿಟ್ಟ, ಗಟ್ಟಿಯಾಗಿ ಮಾತಾಡಬೇಡಿ ಎಂದು ಗೋಡೆಗೆ ಬರೆಸಿದ ಕಟ್ಟಡ ಊರಿಗೊಂದಿದೆ. ಅಲ್ಲಿಗೂ ಬರಲಾಗದಿದ್ದರೆ ಅವರು ಹೋಗುವುದಾದರೂ ಎಲ್ಲಿಗೆ?

ತಮ್ಮನನ್ನು ಕರೆತರುತ್ತೀರಾ ಎಂದು ಗ್ರಂಥಪಾಲಕರು ಫೋನಿನಲ್ಲಿ ಕೇಳಿದರು. ಬರುವುದು ಬಿಡುವುದು ಅವನದು. ನಿಮ್ಮ ಗ್ರಂಥಾಲಯದ ಗೇಟು, ಮೆಟ್ಟಿಲು, ಕೂರುವ ಕುರ್ಚಿ, ಶೌಚಾಲಯ, ಹೊರಗೆ ಹೋಗುವ ದಾರಿ ಇಷ್ಟರ ಫೋಟೊ ಕಳಿಸಿಕೊಡಿ, ತೋರಿಸುತ್ತೇನೆ. ಬಂದರೆ ಅವನ ಜೊತೆ ಫೋಟೊ ತೆಗೆಸಿಕೊಳ್ಳಲು ಹೋಗಬೇಡಿ. ‘ಗೊತ್ತಾಯ್ತಾ ನಾನ್ಯಾರು?’ ಎಂದು ಕೇಳಬೇಡಿ, ಗೊತ್ತಿರುವುದಿಲ್ಲ.

ಕೊನೆಯದಾಗಿ, ಚರ್ಚೆಗೆ ಯಾವ ಭಾಗ ಓದಿಕೊಂಡು ಬರಬೇಕು ಎಂದಿರಿ. ಹೆಣ್ಣು ನೋಡುವ ಶಾಸ್ತ್ರದ ಅಧ್ಯಾಯ. ಗಂಡಿನ ಕಡೆಯವರು ಬರುವ ಹೊತ್ತಿಗೆ ತಮ್ಮನನ್ನು ಪಕ್ಕದ ಮನೆಯಲ್ಲಿ ಬಿಡುತ್ತಾರೆ. ಅಕ್ಕನಿಗೆ ಗೊತ್ತು, ಬಾಯಿಬಿಡುವುದಿಲ್ಲ. ಉಪ್ಪಿಟ್ಟು, ಕಾಫಿ ಎಲ್ಲ ಸುಸೂತ್ರ ಮುಗಿಯುತ್ತದೆ. ಮಾತು ಪಕ್ಕಾ ಆಗುತ್ತದೆ. ಮದುವೆಯ ದಿನದವರೆಗೂ ಅವಳು ಗಂಡನಾಗುವವನಿಗೆ ಹೇಳುವುದಿಲ್ಲ. ಈ ಅಧ್ಯಾಯದ ಬಗ್ಗೆ ನನಗೆ ಬಂದ ಪತ್ರಗಳು ಎರಡು ಪಾಲಾಗಿವೆ. ಅವಳು ತಮ್ಮನನ್ನು ಇಲ್ಲ ಎನಿಸಿಬಿಟ್ಟಳು ಎಂದು ಒಂದು ಪಾಲು. ಆ ಹುಡುಗಿಗೂ ಒಂದು ಬದುಕು ಬೇಡವೇ, ಅವಳು ಸಂಸಾರ ಕಟ್ಟಿಕೊಂಡದ್ದರಿಂದಲೇ ಮುಂದೆ ತಮ್ಮನಿಗೆ ಒಂದು ಮನೆ ಸಿಕ್ಕಿತು ಎಂದು ಇನ್ನೊಂದು ಪಾಲು. ಗಂಡಸರು ಹೆಚ್ಚಾಗಿ ಮೊದಲ ಪಾಲಿನಲ್ಲಿದ್ದಾರೆ. ನನ್ನ ತೀರ್ಪು ಏನೆಂದು ಕೇಳಬೇಡಿ, ಇದ್ದಿದ್ದರೆ ಅಧ್ಯಾಯದಲ್ಲೇ ಬರೆಯುತ್ತಿದ್ದೆ. ನಿಮ್ಮ ಬಳಗದಲ್ಲಿ ಅತ್ತೆಯಂದಿರೂ ಇದ್ದಾರೆ, ಮಗಳಿಗೆ ಗಂಡು ಹುಡುಕುತ್ತಿರುವ ಅಪ್ಪಂದಿರೂ ಇದ್ದಾರೆ ಎಂದು ಕೇಳಿದ್ದೇನೆ. ನೀವು ಆ ದಿನ ಗಂಡಿನ ಕಡೆಯವರಾಗಿ ಆ ಮನೆಗೆ ಹೋಗಿದ್ದರೆ, ಹುಡುಗಿ ಬಾಯಿಬಿಟ್ಟು ಹೇಳಿಯೂ ಬಿಟ್ಟಿದ್ದರೆ, ಏನು ಮಾಡುತ್ತಿದ್ದಿರಿ? ಅದನ್ನು ಯೋಚಿಸಿಕೊಂಡು ಬನ್ನಿ. ಚೀಟಿಯಲ್ಲಿ ಬರೆದರೂ ಸರಿ.

ಬೆಳಗಿನ ಮೊದಲ ಬಸ್ಸಿಗೆ ಹೊರಡುತ್ತೇನೆ. ತಿಂಡಿ ದಾರಿಯಲ್ಲೇ ಮುಗಿಸಿಕೊಂಡು ಬರುವುದರಿಂದ ಅದರ ಏರ್ಪಾಡು ಬೇಡ.

ಇತಿ,
ನಿಮ್ಮ ಕಾದಂಬರಿಕಾರ್ತಿ